ಬಿ ಪ್ಲಸ್ ಅಂದ್ರ ರಕ್ತದ ಗುಂಪೇನ್ರಿ?

ಹಿಂಗಾರಿಗೆ ಎರಿ ಹೊಲ ಹದಕ್ಕೆ ಬಂದಿರಬೇಕು, ಕೂಲಿಯವರು ಸಿಗದೆ ಮನೆಮಂದಿಯೆಲ್ಲ ಬಿತ್ತಲಿಕ್ಕೆ ಹೊರಟಿರಬೇಕು, ಅದೇ ಹೊತ್ತಿಗೆ ‘ಸಮುದಾಯದತ್ತ ಶಾಲೆ’ ಎಂಬ ಪಾಲಕರ ಸಭೆ ಬಂದು ನಿಲ್ಲುತ್ತದೆ. ನರಗುಂದ ತಾಲ್ಲೂಕಿನ ಯಾವ ಹಳ್ಳಿಯನ್ನಾದರೂ ತೆಗೆದುಕೊಳ್ಳಿ. ಸಮುದಾಯವೆಲ್ಲ ಹೊಲದತ್ತ ನಡೆದ ದಿನ ಶಾಲೆ ಸಮುದಾಯದತ್ತ ನಡೆಯುತ್ತದೆ. ಹೀಗಾಗಿ ಸಭೆಗೆ ಪಾಲಕರಾಗಿ ಬರುವುದು ಮಂಡಿನೋವಿನಿಂದ ಮನೆಯಲ್ಲೇ ಉಳಿದ ಅಜ್ಜಿ.

ಆಕೆಯ ಮುಂದೆ ಪ್ರಗತಿ ಪತ್ರ ತೆರೆದುಕೊಳ್ಳುತ್ತದೆ. ಎಫ್‌ಎ ಒಂದು, ಎಫ್‌ಎ ಎರಡು ಅಂದರೆ ರೂಪಣಾತ್ಮಕ ಮೌಲ್ಯಮಾಪನ; ಎಸ್‌ಎ ಒಂದು ಅಂದರೆ ಸಂಕಲನಾತ್ಮಕ ಮೌಲ್ಯಮಾಪನ. ಮಾಸ್ತರರು ಓದುತ್ತಾರೆ: “ಕನ್ನಡ ಬಿ ಪ್ಲಸ್, ಗಣಿತ ಬಿ.”

“ಬಿ ಪ್ಲಸ್ ಅಂದ್ರ ರಕ್ತದ ಗುಂಪೇನ್ರಿ? ಕನ್ನಡಕ್ಕ ಒಂದು, ಲೆಕ್ಕಕ್ಕ ಒಂದು ಹೆಂಗ ಬರತೈತಿ?”

ಮಾಸ್ತರರು ತಾಳ್ಮೆಯವರು. ನೂರಕ್ಕೆ 50ರಿಂದ 69 ಬಂದರೆ ಬಿ ಪ್ಲಸ್, 30ರಿಂದ 49 ಬಂದರೆ ಬಿ ಎಂದು ತಿಳಿಹೇಳುತ್ತಾರೆ. ಅರ್ಧ ತಪ್ಪು ಮಾಡಿದವನಿಗೂ ಒಂದು ಪ್ಲಸ್ ಹಚ್ಚಿ ಕಳಿಸುವ ಉದಾರತೆ ಬೇರೆ ಯಾವ ಇಲಾಖೆಯಲ್ಲಿದೆ ಹೇಳಿ? ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. “ಅದಿರಲಿ, ಓದಾಕ ಬರತೈತೋ ಇಲ್ಲೋ?”

“ಅದಕ್ಕ ಇದರಾಗ ಕಾಲಂ ಇಲ್ಲಬೇ ಯಮ್ಮ.”

ಇಲ್ಲಿ ಮಾಸ್ತರರನ್ನು ಬೈಯುವುದು ಸುಲಭ, ಮತ್ತು ಅನ್ಯಾಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಅವರಿಗೆ ಒಂದು ಕರ್ತವ್ಯ ವಿಧಿಸಿದೆ: ಪಾಲಕರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು. ಕಾಯ್ದೆ ಬರೆದವರು ‘ತಿಳಿಸಬೇಕು’ ಅಂದರು, ಕಚೇರಿಯವರು ಅದನ್ನು ‘ಸಹಿ ಪಡೆಯಬೇಕು’ ಎಂದು ಓದಿಕೊಂಡರು. ತಿಳಿಸಿದ್ದಕ್ಕೆ ಪುರಾವೆ ಏನು? ಹೆಬ್ಬೆಟ್ಟು. ಅಂತೂ ಮೊಮ್ಮಗ ಓದಬಲ್ಲನೋ ಇಲ್ಲವೋ ಅನ್ನುವುದಕ್ಕೆ ಓದು ಬಾರದ ಅಜ್ಜಿಯ ಹೆಬ್ಬೆರಳು ಸಾಕ್ಷಿ.

ಮಾಹಿತಿ ಇಲ್ಲವೆಂದಲ್ಲ, ಅದಕ್ಕೆ ಮೇಲಕ್ಕೆ ಹರಿಯುವ ಚಟ. ಹುಡುಗನ ಅಂಕ ಸಂಜೆಯೊಳಗೆ ಇಲಾಖೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಬೇಕು. ಅಲ್ಲಿಂದ ಗದಗಕ್ಕೆ ಗೊತ್ತು, ಬೆಂಗಳೂರಿಗೆ ಗೊತ್ತು. 2021ರ ಜುಲೈಯಲ್ಲಿ ಶುರುವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆಯ ಪ್ರಕಾರ ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥವಾಗುವಂತೆ ಓದಬೇಕು. ಈ 60 ದಿಲ್ಲಿಗೆ ಬಾಯಿಪಾಠ. ಹುಡುಗನ ಜೊತೆ ಒಂದೇ ಕೌದಿಯಡಿ ಮಲಗುವವರಿಗೆ ಮಾತ್ರ ಇದನ್ನು ಯಾರೂ ಹೇಳಿಲ್ಲ.

ಕೆಳಗಿನ ತರಗತಿಗಳ ನಲಿ-ಕಲಿ ಪದ್ಧತಿಯ ಮಕ್ಕಳದು ಇನ್ನೊಂದು ಕಥೆ. ಅಲ್ಲಿ ಅಂಕಕ್ಕಿಂತ ಏಣಿ, ಏಣಿಯಲ್ಲಿ ಮೈಲಿಗಲ್ಲು. “ನಿಮ್ಮ ಮಗ ಐದನೇ ಮೈಲಿಗಲ್ಲಿನ್ಯಾಗ ಅದಾನ್ರಿ” ಅಂದರೆ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ ಕೂತ ಊರಿನ ಅಪ್ಪ ಏನು ತಿಳಿಯಬೇಕು? ನವಲಗುಂದದ ಕಡೆ ಹೊಂಟಾನೋ, ಕುಳಗೇರಿ ಕಡೆ ಹೊಂಟಾನೋ!

ಪಾಲಕರಿಗೆ ತಿಳಿಸುವ ವಿಷಯದಲ್ಲಿ ಕಳಸವಿಟ್ಟ ವರ್ಷ 2024. ಆ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಬೋರ್ಡ್ ಪರೀಕ್ಷೆಗೆ ಕೂತರು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಅಂದಿತು, ವಿಭಾಗೀಯ ಪೀಠ ಆಗಲಿ ಅಂದಿತು. ಹತ್ತು ವರ್ಷದ ಕೂಸಿನ ಹಣೆಬರಹ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 8ರಂದು ಅಲ್ಲಿಂದ ಬಂದ ಆದೇಶ: ಫಲಿತಾಂಶ ತಡೆಹಿಡಿಯಿರಿ, ಪಾಲಕರಿಗೂ ತಿಳಿಸಬೇಡಿ. ನ್ಯಾಯಾಲಯ ಹಿಡಿದದ್ದು ಅದೇ ಶಿಕ್ಷಣ ಹಕ್ಕು ಕಾಯ್ದೆಯ ಮಾತು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ನಮ್ಮ ಕಡೆ ಆ ಆದೇಶಕ್ಕಾಗಿ ಅಷ್ಟೊಂದು ವಕೀಲರು ಯಾಕೆ ಬೇಕಾದರೋ! ತಿಳಿಸದೇ ಇರುವುದರಲ್ಲಿ ನಾವು ಮೊದಲಿನಿಂದಲೂ ಪಳಗಿದವರು.

ಇಷ್ಟಕ್ಕೂ ತಿಳಿಸುವುದು ಬ್ರಹ್ಮವಿದ್ಯೆಯಲ್ಲ. ‘ಪ್ರಥಮ್’ ಸಂಸ್ಥೆ 2005ರಿಂದ ‘ಅಸರ್’ ಸಮೀಕ್ಷೆ ನಡೆಸುತ್ತದೆ. ಹಳ್ಳಿ ಮನೆಯ ಕಟ್ಟೆಯ ಮೇಲೆ ಕೂತು ಒಂದು ಹಾಳೆ ಹಿಡಿಯುತ್ತಾರೆ: ಅಕ್ಷರ, ಪದ, ಸಣ್ಣ ಪ್ಯಾರಾ, ಒಂದು ಪುಟ್ಟ ಕಥೆ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ದಶಕದ ಮನೆಯಿಂದ ಕಡ ತಂದು ಕಳೆಯುವುದು (ಈ ತಾಲ್ಲೂಕಿಗೆ ಕಡ ತರುವುದನ್ನು ಯಾರೂ ಕಲಿಸಬೇಕಿಲ್ಲ), ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ರೊಟ್ಟಿ ಬಡಿಯುತ್ತಲೇ ತಾಯಿ ಕೇಳಿಸಿಕೊಳ್ಳುತ್ತಾಳೆ, ಮಗ ಎಲ್ಲಿ ತಡವರಿಸಿದ ಅನ್ನುವುದು ಆಕೆಗೆ ಅಲ್ಲೇ ತಿಳಿಯುತ್ತದೆ. 2022ರ ವರದಿ ಪ್ರಕಾರ ಗ್ರಾಮೀಣ ಭಾರತದ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 20.5 ಮಂದಿ. ಅದೇ ವರ್ಷ ನಮ್ಮ ಪ್ರಗತಿ ಪತ್ರಗಳ ತುಂಬ ಪ್ಲಸ್ಸುಗಳು ಹೇಗೆ ಹರಿದಾಡಿದವು ಅನ್ನುವುದನ್ನು ಗಣಿತ ಬಲ್ಲವರು ಹೇಳಲಿ.

ಪಾಲಕರೂ ಕಡಿಮೆಯವರಲ್ಲ. ಸಭೆಗೆ ಬಂದ ಅಪ್ಪನ ಮೊದಲ ಪ್ರಶ್ನೆ “ಪಾಸೋ, ನಪಾಸೋ?” ಎರಡನೆಯದು ಪ್ರಶ್ನೆಯೇ ಅಲ್ಲ: “ಬಡದು ಕಲಸ್ರಿ, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದಲ್ಲಿ ಬಡೀರಿ.” ಹೊಡೆಯುವುದನ್ನು ಕಾಯ್ದೆ ನಿಷೇಧಿಸಿ ಎಷ್ಟೋ ವರ್ಷವಾದರೂ ಪಾಲಕರು ಕೊಡುವ ಈ ಅನುಮತಿ ಪತ್ರಕ್ಕೆ ಇನ್ನೂ ಅವಧಿ ಮುಗಿದಿಲ್ಲ. ಇನ್ನು ಸಾಲ ಮಾಡಿ ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದವರು ಏನನ್ನೂ ಕೇಳುವುದಿಲ್ಲ. ಅಲ್ಲಿ ಪತ್ರ ಇಂಗ್ಲಿಷಿನಲ್ಲಿರುತ್ತದೆ, ಬಣ್ಣದ್ದಿರುತ್ತದೆ, ಸ್ಟಾರ್ ಇರುತ್ತದೆ. ಶುಲ್ಕ ಕಟ್ಟಿದ ರಸೀದಿಯನ್ನೇ ಪ್ರಗತಿ ಅಂದುಕೊಂಡವರಿಗೆ ಬೇರೆ ಪತ್ರ ಯಾಕೆ?

ವಿಚಿತ್ರ ಅಂದರೆ, ಇದೇ ಅಪ್ಪ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಹುಲಿ. ಹೆಸರುಕಾಳಿನ ತೇವಾಂಶ 12ಕ್ಕಿಂತ ಹೆಚ್ಚು ಅಂದರೆ ಸಾಕು, “ಮಷಿನ್ ಸರಿ ಇಲ್ಲ, ಇನ್ನೊಮ್ಮಿ ಹಾಕ್ರಿ” ಎಂದು ಚೀಲದ ಮೇಲೆ ಕೂತುಬಿಡುತ್ತಾನೆ. ಅವನ ಹಿರಿಯರು ಮಲಪ್ರಭೆಯ ನೀರು ಕಾಣದ ಹೊಲಕ್ಕೆ ಬಂದ ಅಭಿವೃದ್ಧಿ ಕರದ ನೋಟಿಸು ಹಿಡಿದು ‘ಎಲ್ಲೈತಿ ಅಭಿವೃದ್ಧಿ, ತೋರಸ್ರಿ’ ಎಂದು 1980ರ ಜುಲೈ 21ರಂದು ನರಗುಂದದ ಬೀದಿಗಿಳಿದವರು, ಗೋಲಿಬಾರಿಗೆ ಎದೆ ಕೊಟ್ಟವರು. ಆ ತಾಲ್ಲೂಕಿನಲ್ಲೇ ಮಗನ ‘ಪ್ರಗತಿ’ ಅನ್ನುವ ಹಾಳೆ ಬಂದರೆ ಮರುಮಾತಿಲ್ಲದೆ ಸಹಿ ಬೀಳುತ್ತದೆ!

ಅಜ್ಜಿ ಮಾತ್ರ ಹಳೆಯ ಕಾಲದವಳು. ಇಂಕಿನ ಪ್ಯಾಡಿನ ಮೇಲೆ ಬೆರಳು ಒತ್ತುವ ಮೊದಲು ಪತ್ರವನ್ನು ಮೊಮ್ಮಗನ ಕೈಗೆ ಕೊಡುತ್ತಾಳೆ. “ತಮ್ಮಾ, ಇದರಾಗ ಏನ್ ಬರದೈತಿ ನೀನ ಓದಿ ಹೇಳು. ಆಮ್ಯಾಲ ಹೆಬ್ಬೆಟ್ಟು.”

ಐದನೆಯ ತರಗತಿಯ ಹುಡುಗ ಗಂಟಲು ಸರಿಮಾಡಿಕೊಂಡು ಮೊದಲ ಸಾಲಿಗೆ ಕೈಹಾಕುತ್ತಾನೆ. “ಸಂ... ಕಲ... ಸಂಕಲ... ನಾ...”

ಮಾಸ್ತರರು ಗಡಿಯಾರ ನೋಡುತ್ತಾರೆ. ಐದರೊಳಗೆ ಸಭೆಯ ಫೋಟೊ ಮೇಲಕ್ಕೆ ಹೋಗಬೇಕು. “ಬಿಡಬೇ ಯಮ್ಮ, ಅದನ್ನ ಒಂದ ಉಸಿರಿಗೆ ಓದೂದು ನಮಗೂ ಆಗಂಗಿಲ್ಲ.”