ಬಲತೊಡೆಯ ರಸಿಕರು

ತಾಳದ ರಾಯರನ್ನು ಗುರುತಿಸಲು ಮುಖ ನೋಡಬೇಕಿಲ್ಲ, ಬಲತೊಡೆ ನೋಡಿದರೆ ಸಾಕು. ಪಂಚೆಯ ಆ ಭಾಗ ಬೇಗ ಸವೆಯುತ್ತದೆ ಎಂಬುದು ಅವರ ಮನೆಯವರ ದೂರು. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ, ಉಳಿದ ಕಾಲದಲ್ಲಿ ಗಾಯನ ಸಮಾಜದಲ್ಲೋ ಚೌಡಯ್ಯ ಸ್ಮಾರಕ ಭವನದಲ್ಲೋ, ಮುಂದಿನ ಸಾಲುಗಳಿಂದ ಪಟ್ ಪಟ್ ಎಂಬ ಸದ್ದು ಕೇಳಿಸಿದರೆ ರಾಯರು ದಯಮಾಡಿಸಿದ್ದಾರೆ ಎಂದೇ ಅರ್ಥ. ಬೆಂಗಳೂರಿಗೆ ಇವರೊಬ್ಬರೇ ಎಂದುಕೊಳ್ಳಬೇಡಿ. ಮೈಸೂರಿನ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿಗೆ ಹೋಗಿ ನೋಡಿ, ಅಲ್ಲೂ ಇದ್ದಾರೆ. ಅಲ್ಲಿ ಅವರ ಹೆಸರು ಶಾಸ್ತ್ರಿಗಳು ಇರಬಹುದು, ತೊಡೆ ಅದೇ.

ನಿವೃತ್ತರಾಗುವ ಮುಂಚೆ ರಾಯರದು ಲೆಕ್ಕ ತನಿಖೆಯ ಕೆಲಸ. ಈಗಲೂ ಅದೇ, ಸಂಬಳ ಮಾತ್ರ ಇಲ್ಲ. ಆದಿತಾಳವೆಂದರೆ 8 ಅಕ್ಷರ: ಒಂದು ಪೆಟ್ಟು, ಕಿರುಬೆರಳಿನಿಂದ ಹಿಡಿದು ಮೂರು ಎಣಿಕೆ, ಆಮೇಲೆ ಎರಡು ಸಲ ಪೆಟ್ಟು-ಹುಸಿ. ಗಾಯಕರಿಗೆ ಮಂಜೂರಾದದ್ದು ಅಷ್ಟೇ. ಏಳೂಮುಕ್ಕಾಲಕ್ಕೆ ಬಂದರೆ ಆಕ್ಷೇಪಣೆ, ಎಂಟೂಕಾಲಾದರೆ ಹುಬ್ಬು ಗಂಟು. 7 ತಾಳ, 5 ಜಾತಿ, ಒಟ್ಟು 35 ಎಂಬ ಪಟ್ಟಿ ಅವರ ನಾಲಿಗೆಯ ತುದಿಯಲ್ಲಿದೆ. 'ಖಂಡಜಾತಿ ಅಟತಾಳಕ್ಕೂ 14 ಅಕ್ಷರ, ಚತುರಶ್ರಜಾತಿ ಧ್ರುವಕ್ಕೂ 14. ಹಾಗಂತ ಎರಡೂ ಒಂದೇ ಅಂದ್ಕೊಂಡ್ರೆ ಕೆಟ್ಟಿರಿ!' ಎಂದು ಮದುವೆಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವನನ್ನು ನಿಲ್ಲಿಸಿ ಎಚ್ಚರಿಸುತ್ತಾರೆ. ಅವನು ಹೆದರಿ ಇನ್ನೊಂದು ಸೌಟು ಹಾಕಿ ಹೋಗುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ರಾಯರ ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಯಾಕೆಂದರೆ ಅವರ ಕಣ್ಣಿರುವುದು ಗಾಯಕರ ಕೈಮೇಲೆ. ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಅರ್ಧ ಅಕ್ಷರ ಬಿಟ್ಟು ಬರುವ ಕೃತಿಯಾದರಂತೂ ಮೊದಲ ಪೆಟ್ಟು ಪ್ರಶ್ನೆಯ ಹಾಗೆ ಬಿದ್ದು, ಎರಡನೆಯದು ತಿದ್ದುಪಡಿಯ ಹಾಗೆ ಬಿದ್ದು, ಮೂರನೆಯದಕ್ಕೆ ಧೈರ್ಯ ಬರುತ್ತದೆ. ಒಮ್ಮೆ ಹಿರಿಯ ವಿದ್ವಾಂಸರೊಬ್ಬರ ಶಾಲು ಜಾರಿ ಕೈಯನ್ನು ಪೂರ್ತಿ ಮುಚ್ಚಿಬಿಟ್ಟಿತು. ಅವರು ಹಾಯಾಗಿ ಹಾಡುತ್ತಲೇ ಇದ್ದರು. ಇತ್ತ ರಾಯರು, ಕೈ ಅರ್ಧ ಎತ್ತಿ, ಬಸ್ಸು ನಿಲ್ಲಿಸುವವರ ಹಾಗೆ ಕುಳಿತೇ ಇದ್ದರು.

ವೀಣೆಯ ಕಛೇರಿಗೆ ಅವರು ಹೋಗುವುದಿಲ್ಲ. ಕೇಳಿದರೆ 'ಅವರು ತಾಳವನ್ನೇ ಹಾಕಲ್ವಲ್ರೀ' ಎನ್ನುತ್ತಾರೆ. ವೀಣೆಯ ಪಕ್ಕದಲ್ಲಿ ತಾಳಕ್ಕೆಂದೇ ಮೂರು ತಂತಿಗಳಿವೆ, ವೈಣಿಕರು ಅವನ್ನು ಕಿರುಬೆರಳಿನಿಂದ ಮೀಟುತ್ತಿರುತ್ತಾರೆ. ಆದರೆ ಅದನ್ನು ಕಿವಿಯಿಂದ ಹಿಡಿಯಬೇಕು. ರಾಯರ ತಾಳಜ್ಞಾನಕ್ಕೆ ಕಿವಿಯ ಕಡೆಯಿಂದ ಬಾಗಿಲಿಲ್ಲ.

ಇನ್ನು ಆಲಾಪನೆ. ಅದಕ್ಕೆ ತಾಳದ ಕಟ್ಟಿಲ್ಲ. ಗಾಯಕರು ತೋಡಿಯನ್ನು ಇಂಚಿಂಚಾಗಿ ಬಿಡಿಸುತ್ತಿದ್ದಾರೆ, ಪಿಟೀಲಿನವರು ಕಣ್ಣುಮುಚ್ಚಿ ಹಿಂಬಾಲಿಸುತ್ತಿದ್ದಾರೆ, ಸಭೆ ಉಸಿರು ಬಿಗಿಹಿಡಿದಿದೆ. ರಾಯರ ಬಲಗೈ ಮಾತ್ರ ಕೆಲಸ ಕಳೆದುಕೊಂಡು ಮಡಿಲಲ್ಲಿ ಬಿದ್ದಿದೆ. ಮೊದಲು ನಶ್ಯದ ಡಬ್ಬಿ ತಡಕುತ್ತದೆ, ಆಮೇಲೆ ಆಹ್ವಾನಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತದೆ, ಕೊನೆಗೆ ಗಲ್ಲಕ್ಕೆ ಆಸರೆಯಾಗುತ್ತದೆ. ರಾಯರು ನಿದ್ದೆ ಹೋಗಿದ್ದಾರೆ. ಅಷ್ಟು ವರ್ಷ ಕಛೇರಿ ಕೇಳಿ ತೋಡಿಯಲ್ಲಿ ನಿದ್ದೆ ಮಾಡುವವರನ್ನು ರಸಿಕರೆನ್ನಬೇಕೋ, ಹಾಜರಿ ಪುಸ್ತಕವೆನ್ನಬೇಕೋ ನನಗೆ ತಿಳಿಯದು.

ಆದರೆ ನ್ಯಾಯವಾಗಿ ಹೇಳಬೇಕೆಂದರೆ, ತನಿ ಆವರ್ತನದ ಹೊತ್ತಿಗೆ ಅವರ ಬೆಲೆ ತಿಳಿಯುತ್ತದೆ. ಮೃದಂಗಕ್ಕೆ ತನಿ ಬಿಟ್ಟ ಕೂಡಲೇ 'ಭಾವ, ಭಾವ' ಎಂದು ತಲೆಯಾಡಿಸುತ್ತಿದ್ದವರೆಲ್ಲ ಎದ್ದು ಕಾಫಿಗೆ ಹೋಗುತ್ತಾರೆ. ಎದುರಿಗೆ ಉಳಿಯುವವರು ರಾಯರು ಮತ್ತು ಅವರ ತೊಡೆ. ಘಟದವರು ಅವರನ್ನೇ ನೋಡುತ್ತಾ ನುಡಿಸುತ್ತಾರೆ. ಕೊನೆಯ ಮುಕ್ತಾಯ ಮೂರು ಸಲ ಬಂದು ಎಡುಪಿಗೆ ಸರಿಯಾಗಿ ಕೂತಾಗ ರಾಯರು ಸುತ್ತ ಒಮ್ಮೆ ನೋಡುತ್ತಾರೆ. ಲೆಕ್ಕ ತಾಳೆಯಾಯಿತು, ರುಜು ಬಿತ್ತು.

ಇಂಥವರ ಮನೆಯಲ್ಲೇ ಮೊಮ್ಮಗನೊಬ್ಬ ಬೇಸ್ ಗಿಟಾರ್ ಹಿಡಿದು ಕೂತಿದ್ದಾನೆ. 'ನಾಲ್ಕೇ ತಂತಿ. ಅದೂ ಹಗ್ಗದಷ್ಟು ದಪ್ಪ. ಹಾಡೆಲ್ಲೋ ಅದರಲ್ಲಿ?' ಎಂದು ರಾಯರು ಆ ಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಭಾನುವಾರ ಅವನು ಪಿಂಕ್ ಫ್ಲಾಯ್ಡ್ ತಂಡದ 'ಮನಿ' ಹಾಡಿನ ಬೇಸ್ ಅಭ್ಯಾಸ ಮಾಡುತ್ತಿದ್ದ. 1973ರ ಹಾಡು, ರೋಜರ್ ವಾಟರ್ಸ್ ಕಟ್ಟಿದ್ದು. ಅದರ ಬೇಸ್ ಸುತ್ತಿಗೆ ಏಳು ಪೆಟ್ಟು. ಹಜಾರದಲ್ಲಿ ಪೇಪರು ಓದುತ್ತಿದ್ದ ರಾಯರ ಬಲಗೈ ತಾನಾಗಿಯೇ ಎದ್ದಿತು. 'ತಕಿಟ ತಕಧಿಮಿ! ಮಿಶ್ರಚಾಪು ಕಣೋ ಇದು!' ಎಂದು ಒಳಗೆ ನುಗ್ಗಿದರು.

ಮೊಮ್ಮಗ ಖುಷಿಯಾಗಿ ಮೂಲ ಹಾಡನ್ನೇ ಹಾಕಿದ. ತಾತ ತೊಡೆ ತಟ್ಟುತ್ತಾ ಕುಳಿತರು. ಎಲ್ಲವೂ ಸೊಗಸಾಗಿ ನಡೆಯುತ್ತಿತ್ತು, ಗಿಟಾರಿನ ತನಿ ಬರುವ ತನಕ. ಅಲ್ಲಿ ಆ ಹಾಡು ಏಳನ್ನು ಬಿಟ್ಟು ನಾಲ್ಕಕ್ಕೆ ಇಳಿಯುತ್ತದೆ. ರಾಯರು ಇಳಿಯಲಿಲ್ಲ. ಅವರದು ಏಳು, ಅತ್ತ ನಾಲ್ಕು. ಏಳ್ನಾಲ್ಕಲಿ 28ಕ್ಕೊಮ್ಮೆ ಎರಡೂ ಕೂಡಿದಾಗ ಅವರ ಮುಖ ಅರಳುತ್ತಿತ್ತು, ಮರುಕ್ಷಣ ಬಾಡುತ್ತಿತ್ತು.

'ತಪ್ಪಿದರು ಕಣೋ!'

'ಇಲ್ಲ ತಾತ, ಬೇಕೂಂತಲೇ ಬದಲಾಯಿಸಿದಾರೆ. ಆಮೇಲೆ ಮತ್ತೆ ಏಳಕ್ಕೆ ಬರ್ತಾರೆ.'

'ನೀನು ಎಣಿಸ್ತಾನೇ ಇಲ್ವಲ್ಲ, ನಿನಗೆ ಹ್ಯಾಗೋ ಗೊತ್ತಾಯ್ತು?'

'ಮೊದಮೊದಲು ಎಣಿಸ್ತಿದ್ದೆ. ಕೈಗೆ ಕೂತ ಮೇಲೆ ಬಿಟ್ಟೆ.'

'ಬಿಟ್ಟೆಯಾ?' ರಾಯರು ಕನ್ನಡಕ ತೆಗೆದರು. 'ಯಾರನ್ನ ಕೇಳಿ ಬಿಟ್ಟೆ?'

ಪುರಂದರದಾಸರು ಹಾಕಿಕೊಟ್ಟದ್ದೆನ್ನುವ ಸರಳೆ, ಅಲಂಕಾರಗಳನ್ನು ಮಕ್ಕಳಿಗೆ ತಟ್ಟಿ ತಟ್ಟಿ ಕಲಿಸುವುದು ಮುಂದೊಂದು ದಿನ ತಟ್ಟದೆಯೇ ತಿಳಿಯಲಿ ಎಂದೇ. ಇದನ್ನು ಮೊಮ್ಮಗ ತಾತನಿಗೆ ಹೇಳಲಿಲ್ಲ. ಬುದ್ಧಿವಂತ. ಅಂದಿನಿಂದ ತಾತ ಬಾಗಿಲಲ್ಲಿ ಕಂಡರೆ ಸುಮ್ಮನೆ ತುಟಿ ಅಲ್ಲಾಡಿಸುತ್ತಾನೆ. ರಾಯರು ಸಮಾಧಾನದಿಂದ ಪೇಪರಿಗೆ ಮರಳುತ್ತಾರೆ.

ಮುಂದಿನ ಕಛೇರಿಯಲ್ಲಿ ನಿಮಗೆ ರಾಯರ ಪಕ್ಕವೇ ಜಾಗ ಸಿಕ್ಕರೆ ಎಡಗಡೆಗೆ ಕುಳಿತುಕೊಳ್ಳಿ, ಪೆಟ್ಟು ತಾಗುವುದಿಲ್ಲ. ಆಲಾಪನೆ ಮುಗಿಯುವ ತನಕ ಅವರನ್ನು ಅಲುಗಿಸಬೇಡಿ. ಆದರೆ ತನಿಗೆ ಮುಂಚೆ ಮಾತ್ರ ದಯವಿಟ್ಟು ಎಬ್ಬಿಸಿಬಿಡಿ. ನೀವು ಕಾಫಿಗೆ ಹೋದ ಮೇಲೆ ಘಟದವರಿಗೆ ನೋಡಲು ಬೇರೆ ಯಾರಿದ್ದಾರೆ?