ಎಂಟು ಕೋರೋ, ಐದು ಗಿಗಾಹರ್ಟ್ಸೋ?

ಇಲ್ಲ ಭಟ್ರೆ, ಗೇಮ್ ಆಡ್ಲಿಕ್ಕೆ ಅಂತಾದ್ರೆ 16 ಕೋರಿನ ಪ್ರೊಸೆಸರ್ ಬೇಡವೇ ಬೇಡ. ನಿಮ್ಮ ಮಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಕಳಿಸಿದ ಎರಡು ಕೊಟೇಶನ್‌ಗಳನ್ನೂ ನೋಡಿದೆ. ಕೋರ್ ಜಾಸ್ತಿ ಇದ್ದಷ್ಟೂ ಗೇಮ್ ಚೆನ್ನಾಗಿ ಓಡ್ತದೆ ಅಂತ ಒಂದು ಅಂಗಡಿಯವರು, ಗಿಗಾಹರ್ಟ್ಸ್ ನೋಡಿ ತಗೊಳ್ಳಿ ಅಂತ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದರೆ ಒಂದೇ ಅಂಕಿ ಹಿಡಿದು ದುಡ್ಡು ಕೊಟ್ಟರೆ ಹತ್ತಿಪ್ಪತ್ತು ಸಾವಿರ ಸುಮ್ಮನೆ ಹೋಗ್ತದೆ ಮಾರಾಯ್ರೆ.

ನೀವು ರಾತ್ರಿಯಿಡೀ ಕೂತು ಯಕ್ಷಗಾನ ನೋಡಿದವರು. ರಂಗಸ್ಥಳದಲ್ಲಿ ಎಂಟು ವೇಷ ನಿಂತಿರಲಿ, ಭಾಗವತರು ಪದ ಎತ್ತದೆ ಒಬ್ಬರೂ ಹೆಜ್ಜೆ ಹಾಕುವ ಹಾಗಿಲ್ಲ. ಗೇಮಿನ ಒಳಗೂ ಅಂಥ ಭಾಗವತರು ಒಬ್ಬರಿದ್ದಾರೆ, ಮೇನ್ ಥ್ರೆಡ್ ಅಂತ. ಹುಡುಗ ಮೌಸ್ ಒತ್ತಿದ್ದನ್ನು ತಿಳಿದುಕೊಳ್ಳುವುದು, ಗುಂಡು ಯಾರಿಗೆ ತಾಗಿತು ಅಂತ ಲೆಕ್ಕ ಹಾಕುವುದು, ಉಳಿದ ಕೆಲಸ ಬೇರೆ ಕೋರ್‌ಗಳಿಗೆ ಹಂಚುವುದು, ಎಲ್ಲ ಅದರ ಮೂಲಕವೇ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. 144 ಹರ್ಟ್ಸ್ ಮಾನಿಟರ್ ಆದರೆ ಏಳಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಮೇನ್ ಥ್ರೆಡ್ ತನ್ನ ಪಾಲು ಮುಗಿಸದಿದ್ದರೆ ಬಾಕಿ ಕೋರ್‌ಗಳು ಕಾಯುತ್ತಾ ಕೂರಬೇಕು. ಹಂಚಲಾಗದ ಪಾಲು ಎಷ್ಟು ಉಂಟೋ ಅದೇ ವೇಗಕ್ಕೆ ಕಡಿವಾಣ ಅನ್ನುವುದನ್ನು ಕಂಪ್ಯೂಟರ್ ವಿನ್ಯಾಸಕಾರ ಜೀನ್ ಅಮ್ಡಾಲ್ 1967ರಲ್ಲೇ ತೋರಿಸಿಕೊಟ್ಟಿದ್ದಾರೆ. ಅರ್ಧ ಕೆಲಸ ಹಂಚಲಾಗದ್ದು ಅಂತಾದರೆ ಸಾವಿರ ಕೋರ್ ಹಾಕಿ, ವೇಗ ಎರಡು ಪಟ್ಟು ದಾಟುವುದಿಲ್ಲ.

ಹಾಗಾದರೆ ಗಿಗಾಹರ್ಟ್ಸ್ ಹೇಳಿದವರೇ ಸರಿ ಅಂತೀರಾ? ಸ್ವಲ್ಪ ನಿಲ್ಲಿ.

ಪೆಂಟಿಯಂ 4 ಪ್ರೊಸೆಸರ್ ನೆನಪುಂಟಲ್ಲ? ಸೈಬರ್ ಕೆಫೆಗಳ ಕಾಲದ್ದು. ಇಂಟೆಲ್‌ನವರು ಅದನ್ನು 1.5 ಗಿಗಾಹರ್ಟ್ಸ್‌ನಿಂದ ಏರಿಸುತ್ತಾ ಏರಿಸುತ್ತಾ 3.8ರ ತನಕ ತಂದರು. 4 ಗಿಗಾಹರ್ಟ್ಸ್‌ನದ್ದು ಬರ್ತದೆ ಅಂತ ಹೇಳಿ, 2004ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟರು. ಬಿಸಿ ತಡೆಯಲಿಲ್ಲ. ವೇಗ ಏರಿಸಬೇಕಾದರೆ ವೋಲ್ಟೇಜೂ ಏರಿಸಬೇಕು, ವೋಲ್ಟೇಜ್ ಏರಿದ ಹಾಗೆ ಶಾಖ ಅದರ ವರ್ಗದ ಲೆಕ್ಕದಲ್ಲಿ ಏರ್ತದೆ. 2006ರಲ್ಲಿ ಕೋರ್ 2 ಡ್ಯುಯೋ ಬಂತು, ಬರೀ 2.4 ಗಿಗಾಹರ್ಟ್ಸ್‌ನದ್ದು. ಅದು 3.8ರ ಪೆಂಟಿಯಂ 4ನ್ನು ಗೇಮಿನಲ್ಲಿ ಸಲೀಸಾಗಿ ಸೋಲಿಸಿತು. ಗಿಗಾಹರ್ಟ್ಸ್ ಎಣಿಸುವುದು ಗಡಿಯಾರದ ಟಿಕ್‌ಗಳನ್ನು; ಒಂದು ಟಿಕ್‌ಗೆ ಎಷ್ಟು ಕೆಲಸ ಮುಗೀತದೆ ಅನ್ನುವುದು ಮುಖ್ಯ ಭಟ್ರೆ. ಅದನ್ನು ಐಪಿಸಿ ಅಂತಾರೆ. ಅಂಗಡಿಯ ಡಬ್ಬದ ಮೇಲೆ ಆ ಅಂಕಿ ಇರುವುದಿಲ್ಲ, ಅದೇ ನನಗೆ ಬೇಜಾರು.

ಇನ್ನೊಂದು ಕೇಳಿ. 2011ರಲ್ಲಿ ಎಎಂಡಿಯವರು ಎಫ್‌ಎಕ್ಸ್ 8150 ತಂದರು, ಎಂಟು ಕೋರ್, 3.6 ಗಿಗಾಹರ್ಟ್ಸ್. ಎದುರಿಗೆ ಇಂಟೆಲ್‌ನ ಐ5 2500ಕೆ, ನಾಲ್ಕೇ ಕೋರ್, 3.3 ಗಿಗಾಹರ್ಟ್ಸ್. ಗೇಮಿನಲ್ಲಿ ಗೆದ್ದದ್ದು ನಾಲ್ಕು ಕೋರ್‌ನದ್ದು. ಎರಡು ವರ್ಷ ಬಿಟ್ಟು ಎಎಂಡಿ ಅದೇ ಸಾಲಿನ ಎಫ್‌ಎಕ್ಸ್ 9590 ತಂದಿತು. ಎಂಟು ಕೋರೂ ಇತ್ತು, 5 ಗಿಗಾಹರ್ಟ್ಸೂ ಇತ್ತು, 220 ವ್ಯಾಟ್ ನುಂಗ್ತಿತ್ತು. ನಿಮಗೆ ಆ ಎರಡು ಅಂಗಡಿಯವರು ಹೇಳಿದ ಎರಡೂ ಗುಣ ಒಟ್ಟಿಗೆ ಇದ್ದ ಚಿಪ್ ಅದು. ಆದರೂ ಗೇಮಿನಲ್ಲಿ ಇಂಟೆಲ್‌ನ ನಾಲ್ಕು ಕೋರನ್ನು ಹಿಂದಿಕ್ಕಲು ಆಗಲಿಲ್ಲ. ಒಂದೊಂದು ಕೋರಿನ ಶಕ್ತಿಯೇ ಕಡಿಮೆ, ಎರಡೆರಡು ಕೋರ್ ಸೇರಿ ದಶಮಾಂಶದ ಲೆಕ್ಕ ಮಾಡುವ ಒಂದೇ ಫ್ಲೋಟಿಂಗ್ ಪಾಯಿಂಟ್ ಘಟಕ ಹಂಚಿಕೊಳ್ಳಬೇಕಿತ್ತು.

ಅದೇ ಎಎಂಡಿ ಆಮೇಲೆ ಕಲಿತ ಪಾಠ ಇದೆಯಲ್ಲ, ಅದು ನನಗೆ ಬಹಳ ಇಷ್ಟ. ರೈಜನ್ 9 9950ಎಕ್ಸ್ ಅಂತ ಒಂದು ಚಿಪ್: 16 ಕೋರ್, 5.7 ಗಿಗಾಹರ್ಟ್ಸ್ ತನಕ ಹೋಗ್ತದೆ. ರೈಜನ್ 7 9800ಎಕ್ಸ್3ಡಿ ಅಂತ ಇನ್ನೊಂದು: 8 ಕೋರ್, 5.2ರ ತನಕ. ಎರಡು ಅಂಕಿಯಲ್ಲೂ ಎರಡನೆಯದೇ ಕೆಳಗೆ, ಬೆಲೆಯೂ ಕಡಿಮೆ. ಆದರೆ ಗೇಮಿನಲ್ಲಿ ಮೇಲುಗೈ ಅದರದ್ದೇ. ಎಂತಕ್ಕೆ ಗೊತ್ತುಂಟಾ? ಕ್ಯಾಶ್ ಮೆಮೊರಿ, ಅಂದರೆ ಕೋರಿನ ಪಕ್ಕದಲ್ಲೇ ಇರುವ ಮೆಮೊರಿ. ಬೇಕಾದ ಮಾಹಿತಿ ಹತ್ತಿರ ಸಿಗದೆ ರ‍್ಯಾಮ್ ತನಕ ಹೋಗಬೇಕಾದರೆ ಕೋರ್ ನೂರಾರು ಟಿಕ್ ಕಾಯಬೇಕು, ಆ ಹೊತ್ತಿನಲ್ಲಿ ಗಿಗಾಹರ್ಟ್ಸ್ ಎಷ್ಟಿದ್ದರೂ ಉಪಯೋಗ ಇಲ್ಲ. ಎಕ್ಸ್3ಡಿಯಲ್ಲಿ 96 ಎಂಬಿ ಕ್ಯಾಶ್ ಎಂಟೂ ಕೋರಿಗೆ ಕೈಗೆಟುಕುವಲ್ಲೇ ಉಂಟು. 16 ಕೋರ್‌ನದ್ದರಲ್ಲಿ ಎಂಟೆಂಟು ಕೋರಿನ ಎರಡು ತುಂಡು, ಒಂದೊಂದಕ್ಕೆ 32 ಎಂಬಿ. ಈ ತುಂಡಿನಿಂದ ಆ ತುಂಡಿಗೆ ಮಾತು ದಾಟಿಸಲಿಕ್ಕೂ ಹೊತ್ತು ಹಿಡೀತದೆ.

ಹಾಗಂತ ಕೋರ್ ಲೆಕ್ಕಕ್ಕೇ ಇಲ್ಲ ಅಂತಲ್ಲ. 2014ರಲ್ಲಿ ಫಾರ್ ಕ್ರೈ 4 ಅನ್ನುವ ಗೇಮ್ ಬಂದಾಗ ಎರಡೇ ಕೋರಿನ ಪೆಂಟಿಯಂ ಇದ್ದವರ ಕಂಪ್ಯೂಟರಿನಲ್ಲಿ ಅದು ಶುರುವೇ ಆಗಲಿಲ್ಲ. ಈಗ ಪ್ಲೇಸ್ಟೇಷನ್ 5ರಲ್ಲೇ ಎಂಟು ಕೋರ್ ಉಂಟು, ದೊಡ್ಡ ಗೇಮುಗಳನ್ನು ಅದಕ್ಕೆ ತಕ್ಕ ಹಾಗೆ ಬರೀತಾರೆ. ನಾಲ್ಕು ಕೋರಿನದ್ದು ತಗೊಂಡರೆ ಸರಾಸರಿ ಫ್ರೇಮ್ ಚೆನ್ನಾಗಿ ಕಂಡೀತು, ಆದರೆ ನಡುನಡುವೆ ತಟಕ್ಕಂತ ನಿಲ್ತದೆ. ಆಡುವವನಿಗೆ ಸಿಟ್ಟು ಬರುವುದು ಆ ನಿಲ್ಲುವಿಕೆಗೆ, ಸರಾಸರಿಗೆ ಅಲ್ಲ. ಸಿಟೀಸ್: ಸ್ಕೈಲೈನ್ಸ್ 2ರಂಥ ಊರು ಕಟ್ಟುವ ಗೇಮ್ ಆದರೆ ಜನಸಂಖ್ಯೆ ಬೆಳೆದ ಹಾಗೆ ಎಂಟಕ್ಕಿಂತ ಹೆಚ್ಚು ಕೋರಿಗೂ ಕೆಲಸ ಸಿಗ್ತದೆ. ವ್ಯಾಲೊರಂಟ್‌ನಂಥ ಗುಂಡು ಹಾರಿಸುವ ಗೇಮ್ ಆಡುವವನಿಗೆ ಬೇಕಾದದ್ದು ಒಂದೊಂದು ಕೋರಿನ ಚುರುಕು.

ಟಾಸ್ಕ್ ಮ್ಯಾನೇಜರ್ ತೆಗೆದು "ಸಿಪಿಯು ಶೇ. 15 ಅಷ್ಟೇ ಬಳಕೆ ಆಗ್ತಾ ಉಂಟು, ಅದರಲ್ಲಿ ದೋಷ ಇಲ್ಲ" ಅಂತ ಮಕ್ಕಳು ಹೇಳ್ತಾರೆ. ಅದನ್ನು ನಂಬಬೇಡಿ. ಎಂಟು ಕೋರ್, ಕೋರಿಗೆ ಎರಡರಂತೆ 16 ಥ್ರೆಡ್ ಇರುವಲ್ಲಿ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಕಾಣುವುದು ಶೇ. 6 ಮಾತ್ರ. ವಿಂಡೋಸ್ ಆ ಕೆಲಸವನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸ್ತಾ ಇದ್ದರೆ ಒಂದು ಗ್ರಾಫೂ ತುಂಬಿದ ಹಾಗೆ ಕಾಣುವುದಿಲ್ಲ. ಸರಿಯಾದ ಪರೀಕ್ಷೆ ಬೇರೆ ಉಂಟು: ಗೇಮಿನ ರೆಸಲ್ಯೂಶನ್ ಇಳಿಸಿ ನೋಡುವುದು. ಫ್ರೇಮ್ ಏರಿದರೆ ತಡೆ ಗ್ರಾಫಿಕ್ಸ್ ಕಾರ್ಡಿನದ್ದು. ಏರದೆ ಅಲ್ಲೇ ನಿಂತರೆ ಪ್ರೊಸೆಸರಿನದ್ದು.

ಲ್ಯಾಪ್‌ಟಾಪ್ ಆದರೆ ಎಂತ ಅಂತ ಕೇಳಿದಿರಿ. ಅಲ್ಲಿ ಡಬ್ಬದ ಮೇಲಿನ ಗಿಗಾಹರ್ಟ್ಸ್ ಇನ್ನೂ ಕಡಿಮೆ ನಂಬಿಕೆಯದ್ದು. ಅದು ಒಂದೆರಡು ಕೋರ್ ಸ್ವಲ್ಪ ಹೊತ್ತು ಮುಟ್ಟುವ ಅಂಕಿ. ನಮ್ಮ ಕರಾವಳಿಯ ಎಪ್ರಿಲ್ ಸೆಕೆಯಲ್ಲಿ ಅರ್ಧ ಗಂಟೆ ಆಡಿದ ಮೇಲೆ ಎಷ್ಟು ಉಳೀತದೆ ಅನ್ನುವುದು ಫ್ಯಾನಿನ ಮೇಲೆ ಹೋಗ್ತದೆ. ಒಂದೇ ಚಿಪ್ ಹಾಕಿದ ಎರಡು ಲ್ಯಾಪ್‌ಟಾಪ್ ಬೇರೆ ಬೇರೆ ವೇಗದಲ್ಲಿ ಓಡುವುದು ಅದಕ್ಕೇ.

ಈಗ ಮಗ ಫೋನ್ ಮಾಡಿದರೆ ಹೀಗೆ ಹೇಳಿ. ಈಚಿನ ಪೀಳಿಗೆಯ ಆರು ಕೋರ್ ಸಾಕು, ನಾಲ್ಕೈದು ವರ್ಷ ಬಾಳಬೇಕಾದರೆ ಎಂಟು. ಹಳೆ ಪೀಳಿಗೆಯ 12 ಕೋರ್ ಅಗ್ಗಕ್ಕೆ ಸಿಗ್ತದೆ ಅಂತ ಗೇಮಿಗೆ ತಗೊಳ್ಳುವುದು ಬೇಡ. ವಿಡಿಯೋ ಎಡಿಟಿಂಗ್, ತ್ರೀಡಿ ರೆಂಡರಿಂಗ್ ನಿಜವಾಗಿ ಮಾಡುವವನಾದರೆ 16 ಕೋರ್ ತಗೊಳ್ಳಲಿ, ಅಲ್ಲಿ ಒಂದೊಂದು ಕೋರೂ ದುಡೀತದೆ. ಬರೀ ಗೇಮ್ ಅಂತಾದರೆ ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಮತ್ತೆ, ಅವ ಆಡುವ ಗೇಮ್ ಯಾವುದು, ಮಾನಿಟರ್ ಎಷ್ಟು ಹರ್ಟ್ಸ್‌ನದ್ದು, ಇಷ್ಟು ಬರೆದು ಕಳಿಸಲಿಕ್ಕೆ ಹೇಳಿ. ಅದು ಗೊತ್ತಾಗದೆ ಯಾವ ಅಂಗಡಿಗೂ ಮುಂಗಡ ಕೊಡಬೇಡಿ.