ಪ್ಲಾಟಣ್ಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಇವುಗಳಲ್ಲಿ ಯಾವ ಊರಿಗೇ ಹೋಗಿ ಬಸ್ಸಿಳಿಯಿರಿ, ಎದುರಿನ ಚಾದಂಗಡಿಯಲ್ಲಿ ಅವನು ಕೂತಿರುತ್ತಾನೆ. ತಂದೆ-ತಾಯಿ ಇಟ್ಟ ಹೆಸರು ಬಸಪ್ಪನೋ ಈರಪ್ಪನೋ ಮಹಾಂತೇಶನೋ ಇದ್ದೀತು. ಊರ ಅರ್ಧ ಮಂದಿಯ ಮೊಬೈಲಿನಲ್ಲಿ ಮಾತ್ರ ಹೆಸರಿನ ಮುಂದೆ 'ಪ್ಲಾಟ್' ಎಂದು ಸೇರಿಕೊಂಡಿರುತ್ತದೆ. ಹೀಗಾಗಿ ನಾವೂ ಪ್ಲಾಟಣ್ಣ ಎಂದೇ ಕರೆಯೋಣ.

ಬಿಳಿ ಅಂಗಿ. ಎದೆಗಿಸೆಯಲ್ಲಿ ಎರಡು ಪೆನ್ನು, ಬರೆಯುವುದು ಒಂದೇ. ಬಗಲಲ್ಲಿ ರೆಗ್ಜಿನ್ ಚೀಲ. ಅದರೊಳಗೆ ಯಾರದೋ ಉತಾರದ ಝೆರಾಕ್ಸು, ಇನ್ನಾರದೋ ಖರೇದಿ ಪತ್ರ, ಮಡಿಕೆ ಮಡಿಕೆಗೂ ಹರಿದ ಲೇಔಟಿನ ನಕಾಶೆ, ಪಂಚಾಂಗ, ಒಂದು ಲಿಂಬೆಹಣ್ಣು. ಲಿಂಬೆಹಣ್ಣು ಯಾಕೆಂದು ಯಾರೂ ಕೇಳುವುದಿಲ್ಲ.

ಇವನ ಅಪ್ಪ ದನದ ಪ್ಯಾಟೆಯಲ್ಲಿ ದಲಾಲಿ ಮಾಡುತ್ತಿದ್ದ. ಆ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೈಮೇಲೆ ಟವೆಲ್ಲು ಹಾಕಿ, ಒಳಗೆ ಬೆರಳು ಹಿಡಿದು ಹೇಳಬೇಕು. ಟ್ರ್ಯಾಕ್ಟರ್ ಬಂತು, ಎತ್ತು ಕಡಿಮೆಯಾದವು, ಟವೆಲ್ಲು ಗೂಟಕ್ಕೇರಿತು. ಚಾಳಿ ಮಾತ್ರ ಮಗನ ಕೈಗೆ ಇಳಿದಿದೆ. ಪ್ಲಾಟಣ್ಣ ದರ ಹೇಳುವಾಗ ನಿಮ್ಮ ಮಣಿಕಟ್ಟು ಹಿಡಿದು ಕರೆಂಟಿನ ಕಂಬದ ಮರೆಗೆ ಎಳೆದೊಯ್ಯುತ್ತಾನೆ. ಸುತ್ತ ಒಂದು ಮೈಲಿಗೆ ಎಮ್ಮೆ ಕಾಯುವ ಹುಡುಗನ ಹೊರತು ನರಪಿಳ್ಳೆಯಿಲ್ಲದಿದ್ದರೂ ಪಿಸುಮಾತೇ. ಅಪ್ಪನ ಕಾಲಕ್ಕೆ ಗಿರಾಕಿಗೊಂದು ಅನುಕೂಲವಿತ್ತು: ಎತ್ತಿನ ಬಾಯಿ ಅಗಲಿಸಿ ಹಲ್ಲು ಎಣಿಸಬಹುದಿತ್ತು. ಪ್ಲಾಟಿಗೆ ಹಲ್ಲಿಲ್ಲ. ಉತಾರ ನೋಡಬೇಕು, ಉತಾರದ ಮೇಲೆ ಸೊಸಾಯಿಟಿಯ ಸಾಲದ ಬೋಜಾ ಇದೆಯೇ ನೋಡಬೇಕು, ಋಣಭಾರದ ಪ್ರಮಾಣಪತ್ರ ತೆಗೆಸಬೇಕು. ಇಷ್ಟನ್ನೆಲ್ಲ ಕೇಳುವವನ ಮೇಲೆ ಪ್ಲಾಟಣ್ಣನಿಗೆ ದ್ವೇಷವಿಲ್ಲ, ಮರುಕವಿದೆ. "ಸರ, ಇಷ್ಟ ಸಂಶೆ ಇಟಗೊಂಡ ನೀವು ಲಗ್ನಾ ಹೆಂಗ ಮಾಡ್ಕೊಂಡ್ರಿ?"

ದೂರವನ್ನು ಅವನು ಅಳೆಯುವುದು ಕಿಲೋಮೀಟರಿನಲ್ಲಲ್ಲ, ಮಿನಿಟಿನಲ್ಲಿ. ಎಲ್ಲ ಪ್ಲಾಟುಗಳೂ ಬಸ್ ಸ್ಟ್ಯಾಂಡಿನಿಂದ ಐದು ಮಿನಿಟು. ಅದು ಅವನ ಬೈಕಿನ ಐದು ಮಿನಿಟು, ಅದೂ ಬೇಸಿಗೆಯದು. ಬೈಲಹೊಂಗಲದ ಸುತ್ತ ಎಲ್ಲ ಎರಿ ಭೂಮಿ. ಮಳೆಗಾಲದಲ್ಲಿ ಅದೇ ಪ್ಲಾಟಿಗೆ ಹೊರಟರೆ ಚಪ್ಪಲಿಯೊಂದಿಗೆ ಅರ್ಧ ಗುಂಟೆ ಹೊಲವೂ ಮನೆಗೆ ಬರುತ್ತದೆ, ಖರೇದಿ ಇಲ್ಲದೆಯೇ.

ಈ ಎರಿ ಮಣ್ಣಿನ ಬಗ್ಗೆ ಪ್ಲಾಟಣ್ಣನಿಗೆ ಎರಡು ಅಭಿಪ್ರಾಯಗಳಿವೆ, ಎರಡೂ ಪ್ರಾಮಾಣಿಕ. ಹೊಲದ ಯಜಮಾನನ ಮುಂದೆ: "ಕಾಕಾ, ಎಷ್ಟ ವರ್ಷಂತ ಹತ್ತಿ ಬಿತ್ತತಿ? ಗೊಬ್ಬರದ ರೊಕ್ಕಾನೂ ಹುಟ್ಟಂಗಿಲ್ಲ. ಈ ಭೂಮ್ಯಾಗ ಏನ ಐತಿ?" ಅದೇ ಬದುವಿನ ಮೇಲೆ ನಿಂತು, ಸಂಜೆ, ಮಾಸ್ತರರ ಮುಂದೆ: "ಬಂಗಾರರೀ ಸರ ಇದು, ಬಂಗಾರ!" ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ, ಮೇಲಿನ ಗೋಡೆಯೂ ಅದರ ಜೊತೆಗೇ ಸೀಳುತ್ತದೆ. ಗರಸು ಹತ್ತುವವರೆಗೆ ಪಾಯಾ ತೋಡಬೇಕು, ಇಲ್ಲವೆ ಮಣ್ಣು ತೆಗೆದು ಗರಸು ತಂದು ತುಂಬಬೇಕು. ಈ ಸಂಗತಿಯನ್ನು ಮಾಸ್ತರರಿಗೆ ತಿಳಿಸುವವನು ಗೌಂಡಿ. ಅಷ್ಟೊತ್ತಿಗೆ ಪ್ಲಾಟಣ್ಣ ಇತ್ತಿಂದ ಎರಡು ಪರ್ಸೆಂಟು, ಅತ್ತಿಂದ ಎರಡು ಪರ್ಸೆಂಟು ತೆಗೆದುಕೊಂಡು ಸವದತ್ತಿಯ ಕಡೆ ಹೋಗಿರುತ್ತಾನೆ.

ಮಾಸ್ತರರು ಎಂದೆನಲ್ಲ, ಪ್ಲಾಟಣ್ಣನ ಮುಖ್ಯ ಗಿರಾಕಿ ಅವರೇ. ಅದರಲ್ಲೂ ಗಂಡ-ಹೆಂಡತಿ ಇಬ್ಬರೂ ಮಾಸ್ತರಿಕೆಯಲ್ಲಿದ್ದರೆ ಅವನ ಭಾಷೆಯಲ್ಲಿ ಅದು 'ಡಬಲ್ ಎಂಜಿನ್'. ಆಮೇಲೆ ನಿವೃತ್ತಿಯಾಗಿ ಬರುವ ಮಿಲಿಟರಿಯವರು. ಮನೆಯವರಿಗಿಂತ ಮೊದಲು ಇವನಿಗೆ ಅವರ ಪಿಂಚಣಿ ದಿನಾಂಕ ಗೊತ್ತಿರುತ್ತದೆ. ಕಬ್ಬಿನ ಬಿಲ್ಲು ಕೈಗೆ ಬಂದ ರೈತ ಮೂರನೆಯವನು. ಈಚೆಗೆ ಇನ್ನೊಂದು ಪಂಗಡ ಹುಟ್ಟಿದೆ: ಮಗನಿಗೆ ಹೆಣ್ಣು ನೋಡುತ್ತಿರುವವರು. ಹೆಣ್ಣಿನ ಕಡೆಯವರು ಮೊದಲು ಹೊಲ ಎಷ್ಟು ಎಕರೆ ಎನ್ನುತ್ತಿದ್ದರು, ಈಗ "ಊರಾಗ ಪ್ಲಾಟ ಐತೇನ್ರಿ?" ಎನ್ನುತ್ತಾರೆ. ಹತ್ತು ಎಕರೆ ನೀರಾವರಿ ಇದ್ದ ಹುಡುಗ ಮೂವತ್ತು-ನಲವತ್ತರ ಒಂದು ಪ್ಲಾಟಿಲ್ಲದೆ ಮೂವತ್ತೈದು ದಾಟಿ ಕುಳಿತಿದ್ದಾನೆ. ಪ್ಲಾಟಣ್ಣ ಅವನಿಗೆ ಎರಡನ್ನೂ ಹುಡುಕಿಕೊಡುತ್ತಾನೆ. ಪೂರ್ವ ದಿಕ್ಕಿನದಾಗಿರಬೇಕು, ತಕರಾರು ಇರಬಾರದು ಎಂಬ ಶರತ್ತು ಎರಡಕ್ಕೂ ಒಂದೇ.

ಊರೂರಿಗೆ ಅವನ ಮಾತು ಬದಲಾಗುತ್ತದೆ. ಕಿತ್ತೂರಿನಲ್ಲಿ ಅವನು ಮಾರುವುದು ರೈಲನ್ನು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರಿನ ಹಳಿ 2020ರಲ್ಲಿ ಮಂಜೂರಾಯಿತು. ಸರಕಾರ ಭೂಮಿಯ ಕಾಗದ ಓಡಿಸತೊಡಗುವ ಹೊತ್ತಿಗೆ ಪ್ಲಾಟಣ್ಣ ತನ್ನ ಲೇಔಟಿನ ಎದುರಿಗೆ ಸ್ಟೇಶನ್ ಕಟ್ಟಿ ಮುಗಿಸಿದ್ದ. "ರಾತ್ರಿ ಗಾಡಿ ಸಪ್ಪಳಕ್ಕ ನಿದ್ದಿ ಬರ್ತೈತೋ ಇಲ್ಲೋ ಅಷ್ಟ ನೋಡ್ಕೋರಿ ಸರ" ಎಂದು ಗಿರಾಕಿಗೆ ಮುನ್ನೆಚ್ಚರಿಕೆಯನ್ನೂ ಕೊಡುತ್ತಾನೆ. ಸವದತ್ತಿಯಲ್ಲಿ ಮಾರುವುದು ಯಲ್ಲಮ್ಮನ ಜಾತ್ರೆಯನ್ನು. ಭಾರತ ಹುಣ್ಣಿವೆಗೆ ಗುಡ್ಡಕ್ಕೆ ಬರುವ ಲಕ್ಷಾಂತರ ಮಂದಿಯನ್ನು ತೋರಿಸಿ, "ಇಷ್ಟೂ ಮಂದಿ ಎಲ್ಲಿ ಮಲಗಬೇಕ್ರಿ? ನಿಮ್ಮ ಲಾಜಿನ್ಯಾಗ!" ಎನ್ನುತ್ತಾನೆ. ಲಾಜು ಇನ್ನೂ ಜಾಲಿಕಂಟಿಯಾಗಿದೆ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು ಒಂದು ಮೂಲೆಯಿಂದ ಕಂಡರೆ ಚದರಡಿಗೆ ದರ ಏರುತ್ತದೆ. ಅದೇ ನೀರಿಗೆ ಹೊಲಮನೆ ಕಳೆದುಕೊಂಡು ಮೇಲೆ ಬಂದ ಹಳ್ಳಿಗಳ ಮುದುಕರಿಗೆ, ನೀರು ಕಂಡರೆ ಬೆಲೆ ಏರುವ ಈ ಲೆಕ್ಕ ಇನ್ನೂ ಹತ್ತಿಲ್ಲ.

ರಾಮದುರ್ಗದಲ್ಲಿ ಇದೇ ಮಲಪ್ರಭೆ ಕಾಣಬಾರದು. 2019ರ ಆಗಸ್ಟಿನಲ್ಲಿ ಹೊಳೆ ಒಳಗೆ ಬಂದು ಹೋದ ಮೇಲೆ ಅಲ್ಲಿನ ಗಿರಾಕಿ ವಾಸ್ತು ಕೇಳುವ ಮೊದಲು ಒಂದೇ ಮಾತು ಕೇಳುತ್ತಾನೆ: "ಹತ್ತೊಂಬತ್ತರಾಗ ನೀರ ಎಲ್ಲಿ ತನಕ ಬಂದಿತ್ರಿ?" ಪ್ಲಾಟಣ್ಣನ ಬೆರಳು ಯಾವಾಗಲೂ ಪಕ್ಕದ ಪ್ಲಾಟಿನ ಕಡೆ ತೋರಿಸುತ್ತದೆ. ಪಕ್ಕದ ಪ್ಲಾಟು ಮಾರುವ ದಿನ ಈ ಕಡೆಗೆ ತಿರುಗುತ್ತದೆ.

"ಎನ್.ಎ. ಆಗೇತೇನು?" ಎಂದು ಕೇಳಿದರೆ ಸಿಗುವ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ: "ಆದಂಗನ ರೀ." ಎನ್.ಎ. ಎಂದರೆ ಬೇಸಾಯದ ಜಮೀನನ್ನು ಮನೆ ಕಟ್ಟಲು ಪರಿವರ್ತಿಸುವುದು. ಅದಿಲ್ಲದೆ, 1089 ಚದರಡಿಯ ಒಂದೊಂದೇ ಗುಂಟೆಯಾಗಿ ಕತ್ತರಿಸಿ ಕೊಡುವ ಗುಂಟೆ ಪ್ಲಾಟಿಗೆ ಇ-ಸ್ವತ್ತು ಹುಟ್ಟುವುದಿಲ್ಲ, ಇ-ಸ್ವತ್ತಿಲ್ಲದೆ ನೋಂದಣಿಯಿಲ್ಲ. ಅದಕ್ಕೂ ಅವನಲ್ಲಿ ಔಷಧ ಉಂಟು. "ಬಾಂಡ್ ಮ್ಯಾಲೆ ತಗೋರಿ. ಮುಂದ ಸಕ್ರಮ ಆಗೂದೈತಿ." ಆಗೂದೈತಿ, ಬರೂದೈತಿ, ಹಾಯೂದೈತಿ. ಇದ್ದದ್ದನ್ನು ಮಾರುವವರು ಪ್ಯಾಟೆಯಲ್ಲಿ ಬೇಕಾದಷ್ಟು ಮಂದಿ. ಬರುವುದನ್ನು ಮಾರುವವನು ಇವನೊಬ್ಬ. ಬರೀ ಸುಳ್ಳಾಗಿದ್ದರೆ ಜನ ಎಂದೋ ಬಿಡುತ್ತಿದ್ದರು. ಪೇಚೇನೆಂದರೆ ಹತ್ತರಲ್ಲಿ ಒಂದು ನಿಜವೂ ಆಗಿಬಿಡುತ್ತದೆ. 2025ರಲ್ಲಿ ಸರಕಾರ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿದಾಗ ಪ್ಲಾಟಣ್ಣ ಹಳೆಯ ಗಿರಾಕಿಗಳ ಮನೆ ಮನೆಗೆ ಹೋಗಿ ಚಾ ಕುಡಿದು ಬಂದ. "ನಾ ಹೇಳಿರಲಿಲ್ಲೇನ್ರೀ?" ಎಂಬ ಒಂದೇ ಮಾತು, ಮನೆಗೊಂದು ಕಪ್ಪು. ಬಿ-ಖಾತಾ ಸಿಕ್ಕರೂ ಪ್ಲಾಟು ಸಕ್ರಮವಾದಂತಲ್ಲ ಎಂದು ಚಾ ಮುಗಿಯುವವರೆಗೆ ಯಾರಿಗೂ ನೆನಪಾಗಲಿಲ್ಲ.

ಅವನು ಅಂಜುವ ಸಂಗತಿ ಒಂದೇ, ವಾರಸಾ. ಅಜ್ಜ ತೀರಿ ನಲವತ್ತು ವರ್ಷವಾದರೂ ಉತಾರದಲ್ಲಿ ಅಜ್ಜನೇ ಬದುಕಿರುತ್ತಾನೆ. ಆರು ಗಂಡುಮಕ್ಕಳು, ನಾಲ್ಕು ಹೆಣ್ಣುಮಕ್ಕಳು, ಅವರ ಮಕ್ಕಳು, ಎಲ್ಲರ ಸಹಿ ಬೇಕು. ಒಂಬತ್ತು ಸಹಿ ಬಿದ್ದ ಮೇಲೆ ಮುಂಬಯಿಯ ಅತ್ತೆ ಹಟ ಹಿಡಿಯುತ್ತಾಳೆ. ಹೀಗಾಗಿ ಊರಲ್ಲಿ ಯಾರೇ ತೀರಿಕೊಳ್ಳಲಿ, ಮಣ್ಣಿಗೆ ಪ್ಲಾಟಣ್ಣ ಹಾಜರು. ಕಣ್ಣು ಒದ್ದೆಯಾಗಿರುವುದೂ ಖರೆ, ಮೂಗೊರೆಸಿಕೊಳ್ಳುತ್ತ ಪಕ್ಕದವನಿಗೆ "ಹೆಣಮಕ್ಕಳು ಎಷ್ಟ ಮಂದಿ?" ಎನ್ನುವುದೂ ಖರೆ. ಈ ನಾಡಿಗೆ ವಾರಸಾ ತಕರಾರಿನ ಮಹಿಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಕಿತ್ತೂರ ಸಂಸ್ಥಾನದ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲವೆಂದೇ ಅಲ್ಲವೆ 1824ರ ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೋಟೆಯ ಬಾಗಿಲಲ್ಲೇ ಮುಗಿಸಿದ್ದು! ಪ್ಲಾಟಣ್ಣ ಈ ಇತಿಹಾಸವನ್ನು ತನ್ನ ವೃತ್ತಿಯ ಕಣ್ಣಿನಿಂದಲೇ ಓದಿದ್ದಾನೆ: "ವಾರಸಾ ಕ್ಲಿಯರ್ ಇರಲಿಲ್ಲಂದ್ರ ಕಲೆಕ್ಟರನೂ ಉಳಿಯಂಗಿಲ್ರಿ."

ಅವನ ಸ್ವಂತ ಮನೆ ಹಳೆ ಓಣಿಯಲ್ಲಿದೆ. ತೊಲೆ-ಕಂಬದ ಮಾಳಗಿ ಮನೆ. ಉತಾರ ಮುತ್ತಜ್ಜನ ಹೆಸರಲ್ಲಿ. ಅಣ್ಣತಮ್ಮಂದಿರ ನಡುವೆ ಪಡಸಾಲೆಗೆ ಅಡ್ಡಗೋಡೆ ಎದ್ದು, ಒಂದು ಕಂಬ ಅರ್ಧ ಇವನಿಗೆ, ಅರ್ಧ ತಮ್ಮನಿಗೆ ಬಂದಿದೆ. ದೀಪಾವಳಿಗೆ ಅರ್ಧ ಕಂಬಕ್ಕೆ ಹಸಿರು ಬಣ್ಣ, ಅರ್ಧಕ್ಕೆ ನೀಲಿ. ಮೇಲುಮುದ್ದೆ ಆಷಾಢಕ್ಕೆ ಸೋರುತ್ತದೆ. ಅವನ ಹೆಂಡತಿ ಬೋಗುಣಿ ಇಡುತ್ತ, "ಊರ ಮಂದಿಗೆಲ್ಲಾ ನಗರಾ ಕಟ್ಟಿಸಿ ಕೊಡ್ತಾರ ನೋಡ್ರಿ ನಮ್ಮವರು" ಎಂದು ಬಂದವರಿಗೆ ಹೇಳುತ್ತಾಳೆ. ಹೊಸ ಲೇಔಟಿಗೆ ಯಾಕೆ ಹೋಗುವುದಿಲ್ಲವೆಂದು ಕೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಅಲ್ಲಿ ಮಾತಾಡಾಕ ಯಾರ ಅದಾರ್ರಿ?" ಎಂದ.

ಅದು ಅವನ ಬಾಯಿಂದ ನಾನು ಕೇಳಿದ, ಕಮಿಷನ್ ಇಲ್ಲದ ಒಂದೇ ಮಾತು. ಅವನೇ ಹುಗಿಸಿದ ಕಲ್ಲುಗಳ ನಡುವೆ ಎದ್ದ ನಗರಗಳನ್ನು ನೋಡಿದರೆ ಗೊತ್ತಾಗುತ್ತದೆ. ಎಂಬತ್ತು ಪ್ಲಾಟು, ಏಳು ಮನೆ. ಕೊಂಡವರು ಕಟ್ಟಲು ಕೊಂಡಿಲ್ಲ, ಮಾರಲು ಕೊಂಡಿದ್ದಾರೆ. ನಕಾಶೆಯಲ್ಲಿ ಹಸಿರು ಬಣ್ಣ ಬಳಿದ 'ಗಾರ್ಡನ್'ನಲ್ಲಿ ಯಾರೋ ಕಣಿಕೆ ಬಣವಿ ಒಟ್ಟಿದ್ದಾರೆ. ಏಳು ಮನೆಗೂ ಕಂಪೌಂಡು, ಕಬ್ಬಿಣದ ಗೇಟು, 'ನಾಯಿ ಇದೆ ಎಚ್ಚರಿಕೆ' ಬೋರ್ಡು. ನಾಯಿ ಮಾತ್ರ ಏಳೂ ಮನೆಗೆ ಕೂಡಿ ಒಂದೇ, ಅದು ಹೊರಗೆ ಮಲಗುತ್ತದೆ. ಹಳೆ ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಇಡೀ ಊರಿನ ಸುದ್ದಿ ಸುಲಿಯುತ್ತಿದ್ದ ಮಾಸ್ತರರ ತಾಯಿ, ಇಲ್ಲಿ ಗೇಟಿನ ಸರಳು ಹಿಡಿದು ನಿಂತು ಹಾಲಿನವನನ್ನು ಮಾತಿಗೆಳೆಯುತ್ತಾಳೆ. ಹಾಲಿನವನಿಗೆ ಗಡಿಬಿಡಿ. ಕಡೆಗೆ ಅವಳ ಮಾತು ಕೇಳಲು ಸಿಗುವವನೂ ಪ್ಲಾಟಣ್ಣನೇ. ಗಿರಾಕಿ ಕರೆತಂದಾಗ "ಯಮ್ಮಾ, ಆರಾಮ?" ಎಂದು ಗೇಟು ತೆಗೆದು ಒಳಗೆ ಹೋಗಿ ನೀರು ಕೇಳಿ ಕುಡಿಯುತ್ತಾನೆ. ಗಿರಾಕಿಗೆ ತೋರಿಸಲು ಅಲ್ಲಿ ಮನುಷ್ಯರಿದ್ದಾರೆ ಎಂಬುದಕ್ಕೆ ಅವಳೇ ಪುರಾವೆ. ಬೀದಿದೀಪಕ್ಕೆ ಪುರಸಭೆಗೆ ಅರ್ಜಿ ಬರೆಯುವವನೂ, ಗಟಾರದ ನೀರಿನ ಜಗಳಕ್ಕೆ ಪಂಚನಾಗಿ ಕೂಡುವವನೂ, ಗಣಪತಿ ಕೂಡಿಸಲು ಪಟ್ಟಿ ಎತ್ತುವವನೂ ಅವನೇ. ಈ ನಗರಗಳಲ್ಲಿ ನೆರೆಹೊರೆ ಎಂಬುದೇನಾದರೂ ಹುಟ್ಟಿದ್ದರೆ ಅದರ ಅರ್ಧ ಪಾಲು ಈ ದಲಾಲನದು. ಉಳಿದರ್ಧ ಆ ನಾಯಿಯದು.

ಹೋದ ವಾರ ಸಿಕ್ಕಿದ್ದ. ಈಗ ಅವನ ಚೀಲದಲ್ಲಿರುವುದು ಜಿಲ್ಲೆ. 1997ರಲ್ಲಿ ಜೆ.ಎಚ್. ಪಟೇಲರ ಸರಕಾರ ಏಳು ಹೊಸ ಜಿಲ್ಲೆ ಮಾಡಿದಾಗಲೂ ಬೆಳಗಾವಿ ಒಡೆಯದೆ ಉಳಿಯಿತು. ಬೈಲಹೊಂಗಲವನ್ನು ಜಿಲ್ಲೆ ಮಾಡಿರೆಂಬ ಹೋರಾಟ ನಡೆದೇ ಇದೆ. ಸರಕಾರದ ಮಟ್ಟಿಗೆ ಅದು ಮನವಿ, ಪ್ಲಾಟಣ್ಣನ ಮಟ್ಟಿಗೆ ಮುಗಿದ ಮಾತು. ಡಿಸಿ ಆಫೀಸು ಬೆಳಗಾವಿ ರಸ್ತೆಗೆ ಬರುತ್ತದೆಂದು ನಮ್ಮ ಭಾವನಿಗೆ ಹೇಳಿದ್ದ, ಸವದತ್ತಿ ರಸ್ತೆಗೆಂದು ಕಿರಾಣಿ ಅಂಗಡಿಯವರಿಗೆ, ಧಾರವಾಡ ರಸ್ತೆಗೆಂದು ಪಿಂಚಣಿ ಬಂದ ಸುಬೇದಾರರಿಗೆ.

"ಅಲ್ಲೋ ಮಾರಾಯಾ, ಖರೇ ಹೇಳು, ಡಿಸಿ ಆಫೀಸು ಎಲ್ಲಿ ಬರ್ತೈತಿ?" ಎಂದೆ.

ಅತ್ತಿತ್ತ ನೋಡಿದ. ಮಣಿಕಟ್ಟು ಹಿಡಿದು ಕಂಬದ ಮರೆಗೆ ಎಳೆದ.

"ಮದಲ ನಿಮ್ಮ ಬಜೆಟ್ ಎಷ್ಟ ಹೇಳ್ರಿ ಸರ. ಅದರ ಮ್ಯಾಲೆ ನೋಡೂಣು."